ಮಾವನನ್ನೂ ಕರೆದುಕೊಂಡು ಆಲ್ಪ್ಸ್‌ನಲ್ಲಿ ಒಂದು ವಾರ: ಯಾವಾಗ ಹೋಗುವುದು, ಎಲ್ಲಿ ಉಳಿಯುವುದು?

ಬದಿಯಡ್ಕ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಯಜಮಾನರದ್ದು ಅಡಿಕೆ ತೋಟ. ಮುಂದಿನ ವರ್ಷ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಕಡೆ ಒಂದು ವಾರ ಇದ್ದು ಬರಬೇಕು ಅಂತ ಮನೆಯಲ್ಲಿ ಮಾತಾಗಿದೆ. ಹೋಗುವುದು ನಾಲ್ಕು ಜನ: ನಾನು, ಯಜಮಾನರು, ಆರನೇ ಕ್ಲಾಸಿನ ಮಗಳು, 71 ವರ್ಷದ ಮಾವ.

ಈ ಆಸೆ ಮಾವನದ್ದೇ. ಅವರು ಕಾಸರಗೋಡು ಗಿಡ್ಡ ತಳಿಯ ಹಸು ಸಾಕುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಗಂಟೆ ಕಟ್ಟಿಕೊಂಡು ಮೇಯುವ ಹಸುಗಳನ್ನು ಟಿವಿಯಲ್ಲಿ ನೋಡಿದಾಗಿನಿಂದ, ಆ ಹುಲ್ಲು ಯಾವುದು, ಹಾಲು ಎಷ್ಟು ಕೊಡುತ್ತವೆ, ರಾತ್ರಿ ಎಲ್ಲಿ ಕಟ್ಟುತ್ತಾರೆ ಅಂತ ಕೇಳುತ್ತಲೇ ಇರುತ್ತಾರೆ. ಪ್ರಾಯದಲ್ಲಿ ನಮ್ಮ ತೋಟಕ್ಕೆ ನೀರು ತರಲು ಗುಡ್ಡದೊಳಗೆ ಸುರಂಗ ಕೊರೆದದ್ದೂ ಅವರೇ. ನೀರು, ಬಂಡೆ ಅಂದರೆ ಈಗಲೂ ನಿಂತು ನೋಡುತ್ತಾರೆ. ಅವರಿಗೆ ನಡೆಯಲು ಆಗುವಾಗಲೇ ಕರೆದುಕೊಂಡು ಹೋಗಬೇಕು ಅನ್ನುವುದು ನನ್ನ ಹಟ.

ಶಾಲೆಗೆ ಏಪ್ರಿಲ್, ಮೇ ರಜೆ. ಬೇಸಿಗೆ ಅಲ್ವಾ, ಆಗಲೇ ಹೋದರೆ ಸರಿಯಾ? ಒಂದೇ ಊರಿನಲ್ಲಿ ಉಳಿಯುವುದೋ, ಪ್ಯಾಕೇಜ್ ಟೂರಿನಲ್ಲಿ ಹೋಗುವುದೋ? ಮಾವನಿಗೆ ಮೊಣಗಂಟು ನೋವಿದೆ. ಸಮತಟ್ಟು ದಾರಿಯಲ್ಲಿ ಮುಕ್ಕಾಲು ಗಂಟೆ ನಡೆಯುತ್ತಾರೆ, ಮೆಟ್ಟಿಲು ಜಾಸ್ತಿ ಆದರೆ ಕಷ್ಟ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಷ್ಟು ಎತ್ತರದಲ್ಲಿ ಉಸಿರಿಗೆ ತೊಂದರೆ ಆಗಬಹುದಾ? ನಾವು ಸಸ್ಯಾಹಾರಿಗಳು. ಮಾವನಿಗೆ ಕುಚ್ಚಲಕ್ಕಿ ಗಂಜಿ, ಮಜ್ಜಿಗೆ, ಉಪ್ಪಿನಕಾಯಿ ಇದ್ದರೆ ಸಾಕು. ಅದಿಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಿ.


ಹೊಸೂರಿನವ

ಮೇಡಂ, ಪ್ಯಾಕೇಜ್ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ನಮ್ಮ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹಲವು ದೇಶ ಒಟ್ಟಿಗೆ ತೋರಿಸುವ ಟೂರ್ ಅದು. ಒಳ್ಳೆಯದು ಮೊದಲು ಹೇಳಿಬಿಡುತ್ತೇನೆ: ದಿನಾ ರಾತ್ರಿ ನಮ್ಮ ಊಟ ಸಿಗುತ್ತಿತ್ತು, ಅನ್ನ, ಸಾರು, ಮೊಸರು. ವೀಸಾ ಕಾಗದವೆಲ್ಲ ಅವರೇ ನೋಡಿಕೊಂಡರು. ಅಮ್ಮನಿಗೆ ಅದರಿಂದ ತುಂಬ ನೆಮ್ಮದಿ.

ಆದರೆ ಬೆಟ್ಟ ನೋಡಲು ಅದು ಸರಿಯಾದ ದಾರಿ ಅಲ್ಲ. ಹಿಮದ ಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರೌಯೋಖ್‌ಗೆ ಹೋಗುವ ತಾರೀಖು ತಿಂಗಳುಗಳ ಮೊದಲೇ ಗೊತ್ತು ಮಾಡಿದ್ದರು. ಆ ದಿನ ಮೇಲೆ ಪೂರ್ತಿ ಮಂಜು. ಕಿಟಕಿಯ ಆಚೆ ಬಿಳಿ ಬಿಟ್ಟು ಏನೂ ಇಲ್ಲ. ಮರುದಿನ ಬೆಳಗ್ಗೆ ಆಕಾಶ ತೊಳೆದಿಟ್ಟಂತೆ ಇತ್ತು, ನಾವು ಬಸ್ಸಿನಲ್ಲಿ ಇಟಲಿ ಕಡೆ ಹೋಗುತ್ತಿದ್ದೆವು. ಕೇಳಿದರೆ, ಟಿಕೆಟ್ ಬದಲಾಯಿಸಲು ಆಗುವುದಿಲ್ಲ ಅಂದರು. ಅಷ್ಟು ದುಡ್ಡು ಕೊಟ್ಟು ಅಮ್ಮ ಆ ಶಿಖರ ನೋಡಲಿಲ್ಲವಲ್ಲ ಅನ್ನುವ ಬೇಸರ ನನಗೆ ಇನ್ನೂ ಇದೆ.

ನಿಮ್ಮ ಮಾವನಿಗೆ ಹಸು, ನೀರು, ಬಂಡೆ ನೋಡಬೇಕು ಅಂತಿದ್ದರೆ ಒಂದೇ ಕಡೆ ಉಳಿಯಿರಿ. ಮಂಜು ಇದ್ದ ದಿನ ಕೆಳಗೆ ಸುತ್ತಿ, ಬಿಸಿಲು ಬಂದ ದಿನ ಮೇಲೆ ಹೋಗಿ.


ಪೆರ್ಲ–ಥೂನ್

ಟೀಚರ್, ನಾನು ಪೆರ್ಲದವಳು. ಈಗ ಇಲ್ಲಿ ಸ್ವಿಟ್ಜರ್ಲೆಂಡಿನ ಥೂನ್‌ನಲ್ಲಿ ವಯಸ್ಸಾದವರ ಆರೈಕೆ ಮನೆಯೊಂದರಲ್ಲಿ ಕೆಲಸ. ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳು ನಮ್ಮ ಸರೋವರದ ದಡದಿಂದ ಕಾಣುತ್ತವೆ. ಊರಿನಿಂದ ಬಂದ ನೆಂಟರನ್ನು ಸುತ್ತಾಡಿಸುವುದು ನನಗೆ ಇಷ್ಟದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ತಾರೀಖು. ಏಪ್ರಿಲ್, ಮೇ ಬೇಡ. ಆಗ ಕಣಿವೆಯಲ್ಲಿ ಹಸಿರು ಬಂದಿರುತ್ತದೆ, ಆದರೆ 2000 ಮೀಟರ್ ಹತ್ತಿರ ಹತ್ತಿರ ಹಿಮ ಕರಗುತ್ತಾ ಇರುತ್ತದೆ. ನಡೆಯುವ ದಾರಿಗಳು ತೆರೆದಿರುವುದಿಲ್ಲ. ಸ್ಕೀ ಆಡುವವರು ಹೋಗಿ, ಬೇಸಿಗೆಯ ಜನ ಬರುವ ಮೊದಲಿನ ಸಂದು ಅದು. ಎಷ್ಟೋ ಕೇಬಲ್ ಕಾರುಗಳನ್ನು ರಿಪೇರಿಗೆ ನಿಲ್ಲಿಸುವುದು ಆಗಲೇ. ಶೀನಿಗೆ ಪ್ಲಾಟೆ ಬೆಟ್ಟದ ಹಳೇ ರೈಲು ಶುರುವಾಗುವುದು ಜೂನ್ ನಡುವಿನಲ್ಲಿ. ಮುಖ್ಯವಾಗಿ ನಿಮ್ಮ ಮಾವನ ಹಸುಗಳು ಆಗ ಮೇಲೆ ಇರುವುದೇ ಇಲ್ಲ. ಅವನ್ನು ಬೆಟ್ಟಕ್ಕೆ ಹತ್ತಿಸುವುದು ಜೂನ್‌ನಲ್ಲಿ, ಇಳಿಸುವುದು ಸೆಪ್ಟೆಂಬರ್‌ನಲ್ಲಿ.

ನೀವು ಕೇರಳದ ಶಾಲೆಯಲ್ಲಿ ಇರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಓಣಂ ರಜೆ ಇದೆಯಲ್ಲ, ಹತ್ತು ದಿನದ್ದು? ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಬರುತ್ತದೆ. ಆಲ್ಪ್ಸ್‌ಗೆ ಬರಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಗೊತ್ತಿಲ್ಲ. ಎಲ್ಲಾ ರೈಲು, ಎಲ್ಲಾ ಕೇಬಲ್ ಕಾರು ಓಡುತ್ತಿರುತ್ತವೆ. ದಾರಿಯಲ್ಲಿ ಹಿಮ ಇರುವುದಿಲ್ಲ. ಇಲ್ಲಿಯ ಮಕ್ಕಳ ರಜೆ ಮುಗಿದು ಜನ ಕಡಿಮೆ ಆಗಿರುತ್ತಾರೆ. ಜುಲೈಯಲ್ಲಿ ಮಧ್ಯಾಹ್ನ ಆಯಿತೆಂದರೆ ಗುಡುಗು ಮಳೆ ಏಳುವುದು ಜಾಸ್ತಿ, ಆಗಸ್ಟ್ ಕೊನೆಗೆ ಅದು ಸ್ವಲ್ಪ ತಣಿಯುತ್ತದೆ. ರಾತ್ರಿ ಎಂಟರವರೆಗೆ ಬೆಳಕಿರುತ್ತದೆ. ಒಂದೇ ಒಂದು ಕೊರತೆ, ಮಳೆ ಬಾರದಿದ್ದರೆ ಲೌಟರ್‌ಬ್ರುನೆನ್‌ನ ಶ್ಟೌಬ್‌ಬಾಖ್ ಜಲಪಾತ ಆ ಹೊತ್ತಿಗೆ ತೆಳ್ಳಗಾಗಿರುತ್ತದೆ. 297 ಮೀಟರ್ ಎತ್ತರದಿಂದ ಬೀಳುವ ನೀರು ಅದು, ಜೋಗದ ರಾಜಾ 253. ತೆಳ್ಳಗಿದ್ದರೂ ಗಾಳಿಗೆ ಅದು ಹಾರುವುದನ್ನು ನೋಡುತ್ತಾ ನಿಲ್ಲಬಹುದು.

ಉಳಿಯಲು ವೆಂಗೆನ್ ನೋಡಿ. ಲೌಟರ್‌ಬ್ರುನೆನ್ ಕಣಿವೆಯ ಮೇಲೆ, 1274 ಮೀಟರ್ ಎತ್ತರದಲ್ಲಿ ಇರುವ ಊರು. ಕಾರು ಬರುವುದಿಲ್ಲ, ರೈಲಿನಲ್ಲೇ ಹತ್ತಬೇಕು, ಕಾಲು ಗಂಟೆಯ ಒಳಗೆ ತಲುಪುತ್ತೀರಿ. ಝೂರಿಕ್ ವಿಮಾನ ನಿಲ್ದಾಣದ ಒಳಗಿಂದಲೇ ರೈಲು ಹಿಡಿದರೆ, ಬೆರ್ನ್, ಇಂಟರ್‌ಲಾಕೆನ್ ಓಸ್ಟ್, ಲೌಟರ್‌ಬ್ರುನೆನ್ ದಾಟಿ ವೆಂಗೆನ್‌ಗೆ ಮೂರು ಗಂಟೆ ಚಿಲ್ಲರೆ. ಅಡಿಗೆಮನೆ ಇರುವ ಫ್ಲಾಟ್ ತೆಗೆದುಕೊಳ್ಳಿ. ಇಲ್ಲಿ ಬೇಸಿಗೆಯಲ್ಲಿ ಫ್ಲಾಟುಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ, ವಿಮಾನದ ಟಿಕೆಟ್ ಅದಕ್ಕೆ ಹೊಂದಿಸಿ. ಊರು ಇಳಿಜಾರಿನಲ್ಲಿದೆ. ಫೋಟೋ ಎಷ್ಟೇ ಚಂದ ಇರಲಿ, ನಿಲ್ದಾಣದಿಂದ ಏರು ಇದ್ದರೆ ಆ ಮನೆ ಬೇಡ. ಮಾವ ದಿನಾ ಸಂಜೆ ಅದನ್ನು ಹತ್ತಬೇಕಲ್ಲ.

ಮೊಣಗಂಟಿನ ಬಗ್ಗೆ ನನ್ನ ಕೆಲಸದಿಂದ ಕಲಿತದ್ದು ಹೇಳುತ್ತೇನೆ. ಏರುವುದಕ್ಕಿಂತ ಇಳಿಯುವುದು ಮೊಣಗಂಟಿಗೆ ಭಾರ. ಇಲ್ಲಿಗೆ ಬಂದವರು ಕೇಬಲ್ ಕಾರಿನಲ್ಲಿ ಹತ್ತಿ, ಸುಮ್ನೆ ಇಳಿಜಾರು ತಾನೇ ಅಂತ ನಡೆದು ಇಳಿಯುತ್ತಾರೆ. ಮರುದಿನ ಏಳಲು ಆಗುವುದಿಲ್ಲ. ಮಾವನನ್ನು ಹತ್ತಿಸಿದಲ್ಲಿಂದ ಇಳಿಸುವುದೂ ಗಾಡಿಯಲ್ಲೇ ಆಗಲಿ. ಎರಡು ಕೈಗೂ ಒಂದೊಂದು ಊರುಗೋಲು ಕೊಡಿ. ಬೆಟ್ಟ ನಡೆಯುವವರು ಇಲ್ಲಿ ಪ್ರಾಯದವರೂ ಅದನ್ನು ಹಿಡಿಯುತ್ತಾರೆ, ನಾಚಿಕೆ ಬೇಡ.

ಅವರಿಗೆ ನಾನು ಆರಿಸುವ ನಡಿಗೆ ವಿಂಟರೆಗ್‌ನಿಂದ ಮ್ಯೂರೆನ್‌ಗೆ. ಲೌಟರ್‌ಬ್ರುನೆನ್‌ನಿಂದ ಕೇಬಲ್ ಕಾರಿನಲ್ಲಿ ಗ್ರ್ಯೂಟ್ಶ್‌ಆಲ್ಪ್, ಅಲ್ಲಿಂದ ಬಂಡೆಯ ಅಂಚಿನಲ್ಲಿ ಹೋಗುವ ಪುಟ್ಟ ರೈಲು. ನಡುವಿನ ನಿಲ್ದಾಣ ವಿಂಟರೆಗ್. ಇಳಿದು ನಡೆದರೆ ಮುಕ್ಕಾಲು ಗಂಟೆಯೊಳಗೆ ಮ್ಯೂರೆನ್. ಏರು ಗೊತ್ತೇ ಆಗದಷ್ಟು. ಎಡಗಡೆ, ಕಣಿವೆಯ ಆಚೆ ಮೂರೂ ಶಿಖರ ದಾರಿಯುದ್ದಕ್ಕೂ ಎದುರಿಗೇ ಇರುತ್ತವೆ. ಪಕ್ಕದ ಹುಲ್ಲಿನಲ್ಲಿ ಹಸುಗಳು. ಸಾಕಾಯಿತು ಅನಿಸಿದರೆ ಬೆಂಚ್ ಇದೆ, ಕೂರಿ. ನಿಮಗೂ ಮಗಳಿಗೂ ಉದ್ದದ್ದು ಬೇಕಿದ್ದರೆ ವೆಂಗೆನ್‌ನಿಂದ ಕೇಬಲ್ ಕಾರಿನಲ್ಲಿ ಮೆನ್ಲಿಖೆನ್‌ಗೆ ಹೋಗಿ, ಅಲ್ಲಿಂದ ಕ್ಲೈನೆ ಶೈಡೆಗ್‌ಗೆ ಒಂದೂವರೆ ಗಂಟೆ ನಡೆಯಿರಿ. ಆ ದಿನ ಮಾವ ಮೆನ್ಲಿಖೆನ್‌ನಲ್ಲಿ ಮಗನ ಜೊತೆ ಕೂತಿದ್ದು, ಬಂದ ದಾರಿಯಲ್ಲೇ ಇಳಿಯಲಿ.

ಸುರಂಗ ಕೊರೆದವರು ಅಂದಿರಲ್ಲ, ಅದನ್ನು ಓದಿ ನನಗೆ ನಮ್ಮ ಅಜ್ಜನ ನೆನಪಾಯಿತು. ಟ್ರ್ಯುಮ್ಮೆಲ್‌ಬಾಖ್ ಅವರಿಗೆ ತೋರಿಸಲೇಬೇಕು. ಲೌಟರ್‌ಬ್ರುನೆನ್‌ನಿಂದ ಬಸ್ಸಿನಲ್ಲಿ ಹತ್ತೇ ನಿಮಿಷ. ಬೆಟ್ಟದ ಹೊಟ್ಟೆಯೊಳಗೆ ಹತ್ತು ಜಲಪಾತಗಳು, ಒಂದರ ಕೆಳಗೆ ಒಂದು. ಆ ಮೂರು ಶಿಖರಗಳ ಹಿಮನದಿಯ ನೀರೆಲ್ಲ ಅದರಲ್ಲೇ ಇಳಿಯುತ್ತದೆ, ಸೆಕೆಂಡಿಗೆ 20,000 ಲೀಟರ್‌ವರೆಗೆ. ಕರಗಿದ ಹಿಮದ ನೀರಾದ್ದರಿಂದ ಆಗಸ್ಟ್ ಬಿಸಿಲಿಗೂ ಕಮ್ಮಿ ಆಗುವುದಿಲ್ಲ. ಬಂಡೆ ನಡುಗುವುದು ಕೈಗೆ ತಿಳಿಯುತ್ತದೆ. ಒಳಗೆ ಲಿಫ್ಟ್ ಇದೆ, ಆದರೂ ಕೆಲವು ಮೆಟ್ಟಿಲು ತಪ್ಪುವುದಿಲ್ಲ, ನೆಲ ಒದ್ದೆ. ನಿಧಾನವಾಗಿ ಹೋಗಿ, ಲಿಫ್ಟ್‌ನಿಂದ ಇಳಿದ ಜಾಗದ ಹತ್ತಿರದ್ದು ನೋಡಿ ಅದರಲ್ಲೇ ವಾಪಸ್ ಬಂದರೂ ಸಾಕು.

ಇನ್ನು ಯುಂಗ್‌ಫ್ರೌಯೋಖ್. 3454 ಮೀಟರ್, ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ, 1912ರಿಂದ ರೈಲು ಹೋಗುತ್ತಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮ ಕುಂಬಳೆ ಕಡಲ ಕರೆಯಲ್ಲಿ ಇರುವುದರ ಮೂರನೇ ಎರಡು ಪಾಲು ಮಾತ್ರ. ಗಟ್ಟಿಮುಟ್ಟಾದವರಿಗೂ ಎರಡು ಮೆಟ್ಟಿಲು ಬೇಗ ಹತ್ತಿದರೆ ತಲೆ ತಿರುಗಿದಂತೆ ಆಗುತ್ತದೆ. ಬಿಪಿ ಹತೋಟಿಯಲ್ಲಿದ್ದರೆ ಹೋಗುವವರು ಇದ್ದಾರೆ, ಆದರೆ ಇದನ್ನು ನಾನು ಹೇಳುವುದಲ್ಲ, ಅವರ ಡಾಕ್ಟರೇ ಹೇಳಬೇಕು. ಹೃದಯದ ಪರೀಕ್ಷೆ ಮಾಡಿಸಿಕೊಂಡೇ ಬನ್ನಿ. ಬಂದ ಮರುದಿನವೇ ಹೋಗಬೇಡಿ, ನಾಲ್ಕನೇ ದಿನವೋ ಐದನೇ ದಿನವೋ ಹೋಗಿ. ಮೇಲೆ ನಿಧಾನ ನಡೆಯಿರಿ, ನೀರು ಕುಡಿಯುತ್ತಿರಿ, ಒಂದೆರಡು ಗಂಟೆಯಲ್ಲಿ ಇಳಿಯಿರಿ. ಡಾಕ್ಟರ್ ಬೇಡ ಅಂದರೆ ಮಾವನಿಗೆ ದೊಡ್ಡ ನಷ್ಟವೇನೂ ಇಲ್ಲ. ಕ್ಲೈನೆ ಶೈಡೆಗ್‌ನಲ್ಲಿ ಕುರ್ಚಿ ಹಾಕಿ ಕೂತರೆ ಐಗರ್‌ನ ಉತ್ತರ ಗೋಡೆ ತಲೆಯ ಮೇಲೇ ಇರುತ್ತದೆ.

ಊಟದ ಬಗ್ಗೆ ಆಮೇಲೆ ಬರೆಯುತ್ತೇನೆ, ಡ್ಯೂಟಿಗೆ ಹೊತ್ತಾಯಿತು.


ಕೂನೂರು ಶೆಡ್

ತಂಗಿ, ನಾನು ನೀಲಗಿರಿ ರೈಲಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೂನೂರಿನಲ್ಲೇ ಇದ್ದೇನೆ. ಮಗ ಜರ್ಮನಿಯಲ್ಲಿ ಇರುವುದರಿಂದ ಆ ಕಡೆ ಹೋಗುವುದಾಯಿತು.

ಎತ್ತರದ ಭಯಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಊಟಿ 2240 ಮೀಟರ್ ಎತ್ತರದಲ್ಲಿದೆ. ಮೇಲಿನವರು ಹೇಳಿದ ಕ್ಲೈನೆ ಶೈಡೆಗ್ 2061. ಅಂದರೆ ಊಟಿಗಿಂತ ಕೆಳಗೆ. ನಿಮ್ಮ ಮಾವ ಊಟಿಗೆ ಬಂದು ಆರಾಮಾಗಿ ಓಡಾಡಿದ್ದರೆ ಅಲ್ಲಿಯೂ ಓಡಾಡುತ್ತಾರೆ. ಇನ್ನೂ ಬಂದಿಲ್ಲವಾದರೆ ಈ ದಸರಾ ರಜೆಯಲ್ಲಿ ಒಮ್ಮೆ ನಮ್ಮ ಬೆಟ್ಟಕ್ಕೆ ಕರೆದುಕೊಂಡು ಬನ್ನಿ, ಗೊತ್ತಾಗಿಬಿಡುತ್ತದೆ.

ಆರನೇ ಕ್ಲಾಸಿನ ಹುಡುಗಿ ಬರುತ್ತಾಳೆ ಅಂದಿರಿ. ಅವಳಿಗೆ ಬ್ರಿಯೆನ್ಸ್ ರೋಟ್‌ಹಾರ್ನ್ ರೈಲು ತೋರಿಸಿ. ಇಂಟರ್‌ಲಾಕೆನ್‌ನಿಂದ ಬ್ರಿಯೆನ್ಸ್‌ಗೆ ರೈಲಿನಲ್ಲೂ ಹೋಗಬಹುದು, ಸರೋವರದ ಮೇಲೆ ದೋಣಿಯಲ್ಲೂ ಹೋಗಬಹುದು. ಅಲ್ಲಿ 1892ರಿಂದ ಉಗಿ ಇಂಜಿನ್ ಬೆಟ್ಟ ಹತ್ತುತ್ತಿದೆ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುತ್ತದೆ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ನಮ್ಮ ಮೇಟುಪಾಳಯಂ–ಕೂನೂರು ದಾರಿಯಲ್ಲಿ ಇರುವುದೂ ಅದೇ ಏರ್ಪಾಡು, ರೋಮನ್ ಆಬ್ಟ್ ಎಂಬ ಸ್ವಿಸ್ ಇಂಜಿನಿಯರ್ ಮಾಡಿದ್ದು. ಒಂದರ ಪಕ್ಕ ಒಂದು ಎರಡು ಪಟ್ಟಿ ಇರುತ್ತವೆ, ಒಂದರ ಹಲ್ಲು ಇನ್ನೊಂದರ ಸಂದಿಗೆ ಬರುವಂತೆ ಜೋಡಿಸಿರುತ್ತಾರೆ. ಹಾಗಾಗಿ ಚಕ್ರಕ್ಕೆ ಹಿಡಿತ ಒಂದು ಕ್ಷಣವೂ ತಪ್ಪುವುದಿಲ್ಲ. ನಮ್ಮ ಏರು 12 ಅಡಿಗೆ ಒಂದಡಿ. ಬ್ರಿಯೆನ್ಸ್‌ನಲ್ಲಿ ಕಡಿದಾದ ಕಡೆ 4 ಅಡಿಗೆ ಒಂದಡಿ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಳಿಯನ್ನೇ ನೋಡುತ್ತಾ ಕೂತಿದ್ದೆ.

ಇನ್ನೊಂದು ವಿಷಯ ಮಗುವಿಗೆ ಹೇಳಿ. ನಮ್ಮ ಎಕ್ಸ್ ಕ್ಲಾಸ್ ಹಳೇ ಉಗಿ ಇಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಲ್ಲಿ ತಯಾರಾದವು. ನಾವು ದಿನಾ ಎಣ್ಣೆ ಹಾಕಿ ಒರೆಸಿದ ಇಂಜಿನ್ ಬಂದದ್ದು ಅಲ್ಲಿಂದ. ಆ ಊರಿನ ಹೆಸರು ಕೊರೆದ ಫಲಕವನ್ನು ನೋಡಿಕೊಂಡೇ ಬೆಳೆದವನಿಗೆ ಆ ನಾಡಿನ ಹಳಿಯ ಮೇಲೆ ಕೂತು ಹೋಗುವುದು ದೊಡ್ಡ ಸಂತೋಷ.

ಬ್ರಿಯೆನ್ಸ್‌ಗೆ ಹೋದವರು ಬಾಲೆನ್‌ಬರ್ಗ್ ನೋಡದೆ ಬರಬೇಡಿ. ಬಸ್ ಇದೆ. ದೇಶದ ಬೇರೆ ಬೇರೆ ಕಡೆಯ ನೂರಕ್ಕೂ ಹೆಚ್ಚು ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಕೊಟ್ಟಿಗೆ, ಗಿರಣಿ, ನೇಗಿಲು ಎಲ್ಲ ಇದೆ. ಬೇಸಾಯದವರಿಗೆ ಅರ್ಧ ದಿನ ಸಾಲುವುದಿಲ್ಲ. ಮೋಡ ಕವಿದ ದಿನಕ್ಕೆ ಇದನ್ನು ಇಟ್ಟುಕೊಳ್ಳಿ.


ಮಂಜೇಶ್ವರ ಲೆಕ್ಕ

ಟೀಚರ್, ನಾನು ಟ್ಯಾಕ್ಸ್ ಕೆಲಸ ಮಾಡುವವನು, ಕಾಗದಪತ್ರದ ಬಗ್ಗೆ ಹೇಳುತ್ತೇನೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬಹುದು. ಓಣಂ ರಜೆಗೆ ಹೋಗುವುದಾದರೆ ಏಪ್ರಿಲ್, ಮೇಯಲ್ಲಿ ಮುಗಿಸಿಬಿಡಿ, ಆಗ ನಿಮಗೆ ಶಾಲೆಯೂ ಇರುವುದಿಲ್ಲ. ಬೆರಳಚ್ಚು ಕೊಡಲು ದೊಡ್ಡವರು ಖುದ್ದಾಗಿ ಹೋಗಬೇಕು, ನಮಗೆ ಬೆಂಗಳೂರು ಅಥವಾ ಕೊಚ್ಚಿ. 12 ತುಂಬದ ಮಕ್ಕಳಿಗೆ ಬೆರಳಚ್ಚು ಇಲ್ಲ. ಶುಲ್ಕ ದೊಡ್ಡವರಿಗೆ 90 ಯೂರೋ, ವೀಸಾ ಕೇಂದ್ರದ ಸರ್ವಿಸ್ ಚಾರ್ಜ್ ಬೇರೆ. 30,000 ಯೂರೋಗೆ ಕಮ್ಮಿ ಇಲ್ಲದ ಪ್ರಯಾಣ ವಿಮೆ ಬೇಕೇ ಬೇಕು. ಮಾವನ ವಯಸ್ಸಿಗೆ ಕಂತು ಜಾಸ್ತಿ ಬರುತ್ತದೆ. ಬಿಪಿ ಇರುವುದನ್ನು ಫಾರಂನಲ್ಲಿ ಮುಚ್ಚಿಡಬೇಡಿ.

ಕೃಷಿಕರಿಗೆ ಸಂಬಳದ ಚೀಟಿ ಇಲ್ಲವಲ್ಲ ಅಂತ ಜನ ಹೆದರುತ್ತಾರೆ. ಹೆದರಬೇಕಾಗಿಲ್ಲ. ಕ್ಯಾಂಪ್ಕೋಗೆ ಅಡಿಕೆ ಹಾಕಿದ ಬಿಲ್, ಆ ದುಡ್ಡು ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಭೂಕಂದಾಯದ ರಶೀದಿ, ರಿಟರ್ನ್ ಸಲ್ಲಿಸಿದ್ದರೆ ಅದು. ಇವುಗಳಲ್ಲಿ ಒಂದಕ್ಕೊಂದು ತಾಳೆ ಆಗಬೇಕು. ನಮ್ಮ ವಿಲೇಜ್ ಆಫೀಸಿನ ರಶೀದಿ ಮಲಯಾಳದಲ್ಲಿ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗಿಡಿ. ಅರ್ಜಿಗೆ ಸ್ವಲ್ಪ ಮೊದಲು ದೊಡ್ಡ ಮೊತ್ತ ತಂದು ಖಾತೆಗೆ ತುಂಬಿದರೆ ಅನುಮಾನ ಬರುತ್ತದೆ. ನಿಮಗೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕಾಗುತ್ತದೆ, ಹೆಡ್‌ಮಾಸ್ಟರ ಹತ್ತಿರ ಈಗಲೇ ಮಾತಾಡಿ. ಮಾವನ ಪಾಸ್‌ಪೋರ್ಟ್ ಇಲ್ಲದಿದ್ದರೆ ಕಾಸರಗೋಡು ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ. ಹಳಬರ ಹೆಸರಿನಲ್ಲಿ ಮನೆ ಹೆಸರು ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಆಧಾರ್, ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಮೂರರಲ್ಲೂ ಒಂದೇ ರೀತಿ ಇರಲಿ.

ಉಳಿಯುವ ಊರಿನ ಬಗ್ಗೆ ಪೆರ್ಲದ ಅಕ್ಕ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ವೆಂಗೆನ್ ಚಂದವೇ, ಆದರೆ ಮ್ಯೂರೆನ್, ಬ್ರಿಯೆನ್ಸ್ ತರಹ ಹಲವು ಕಡೆಗೆ ಹೋಗಲು ಮೊದಲು ಕೆಳಗೆ ಇಳಿಯಬೇಕು. ಇಂಟರ್‌ಲಾಕೆನ್‌ನಲ್ಲಿ ಉಳಿದರೆ ಸಮತಟ್ಟು ನೆಲ, ದೊಡ್ಡ ಅಂಗಡಿ, ಎರಡು ಸರೋವರ. ಭಾರತೀಯ ಹೋಟೆಲುಗಳೂ ಇವೆ. ಒಂದು ಫ್ರಾಂಕ್‌ಗೆ ನೂರು ರೂಪಾಯಿಗೂ ಜಾಸ್ತಿ ಇದೆ ಈಗ, ಬಾಡಿಗೆಯಲ್ಲಿ ಉಳಿದದ್ದು ಬೆಟ್ಟದ ಟಿಕೆಟಿಗೆ ಆಗುತ್ತದೆ.


ಬದಿಯಡ್ಕ ಟೀಚರ್

ಇಷ್ಟೆಲ್ಲ ಬರೆದಿರಲ್ಲ, ಹೇಗೆ ಥ್ಯಾಂಕ್ಸ್ ಹೇಳಲಿ. ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ. ಬೆಟ್ಟದೊಳಗಿನ ಜಲಪಾತದ ಭಾಗವನ್ನು ಮಾವ ಎರಡು ಸಲ ಓದಿಸಿದರು. ಆ ಬಂಡೆ ಯಾವುದು, ಒಳಗೆ ಮರದ ಆಧಾರ ಕೊಟ್ಟಿದ್ದಾರಾ ಅಂತ ಕೇಳುತ್ತಿದ್ದಾರೆ.

ಓಣಂ ರಜೆ ಅಂದಾಗ ಯಜಮಾನರಿಗೂ ಸಮಾಧಾನ. ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು, ಆಗ ಮನೆ ಬಿಟ್ಟು ಹೋಗಲು ಆಗುವುದೇ ಇಲ್ಲ. ಎರಡನೇ ಮದ್ದು ಜುಲೈಯಲ್ಲಿ ಮುಗಿಯುತ್ತದೆ. ಕೊಯ್ಲು ಶುರುವಾಗಲು ಇನ್ನೂ ಸಮಯ ಇರುತ್ತದೆ. ಹಸುಗಳನ್ನು ನೋಡಿಕೊಳ್ಳಲು ಅತ್ತಿಗೆಯ ಮನೆಯವರು ಬರುತ್ತಾರಂತೆ.

ಮಂಜೇಶ್ವರದ ಅಣ್ಣ ಹೇಳಿದ್ದು ಕೇಳಿ ಈಗ ವೆಂಗೆನ್ನೋ ಇಂಟರ್‌ಲಾಕೆನ್ನೋ ಅಂತ ಗೊಂದಲ. ಪೆರ್ಲದ ಅಕ್ಕ, ಊಟದ್ದು ಬರೆಯುತ್ತೇನೆ ಅಂದಿದ್ದಿರಿ. ಊರಿನಿಂದ ಏನೇನು ತರಬಹುದು? ಮಾವನಿಗೆ ಎಲೆ ಅಡಿಕೆಯ ಅಭ್ಯಾಸ ಇದೆ. ರೈಲು, ಕೇಬಲ್ ಕಾರಿಗೆಲ್ಲ ಯಾವ ಪಾಸ್ ತೆಗೆದುಕೊಳ್ಳುವುದು? ಹಸುಗಳ ಹತ್ತಿರ ಹೋಗಲು ಬಿಡುತ್ತಾರಾ?


ಪೆರ್ಲ–ಥೂನ್

ಟೀಚರ್, ಹಸುವಿನಿಂದಲೇ ಶುರು ಮಾಡುತ್ತೇನೆ. ನಡೆಯುವ ದಾರಿಗಳು ಮೇವಿನ ನಡುವೆಯೇ ಹೋಗುತ್ತವೆ, ಹಾಗಾಗಿ ಹತ್ತಿರದಿಂದಲೇ ನೋಡಬಹುದು. ಆದರೆ ಕರು ಜೊತೆಗಿರುವ ಹಸುಗಳ ಗುಂಪಿಗೆ ಹತ್ತಿರ ಹೋಗಬಾರದು, ದಾರಿಯಲ್ಲಿ ಬೋರ್ಡ್ ಹಾಕಿರುತ್ತಾರೆ. ಹಸು ಸಾಕಿದವರಿಗೆ ಕೈ ಸುಮ್ನೆ ಇರುವುದಿಲ್ಲ, ಮುಟ್ಟಿ ಮಾತಾಡಿಸಲು ಹೋಗುತ್ತಾರೆ. ಮಾವನಿಗೆ ಇದನ್ನು ಮೊದಲೇ ಹೇಳಿಡಿ. ಅವು ನಮ್ಮ ಗಿಡ್ಡಗಳಲ್ಲ, ಆಳು ಎತ್ತರದ ಪ್ರಾಣಿಗಳು. ಇಲ್ಲಿ ಹೆಚ್ಚು ಕಾಣುವುದು ಕಂದು ಬಿಳಿ ಮೈಯ ಸಿಮ್ಮೆಂಟಾಲ್, ಆ ಕಣಿವೆ ನಮ್ಮ ಥೂನ್‌ನ ಪಕ್ಕದ್ದೇ. ಬೂದುಗಂದಿನ ಬ್ರೌನ್ ಸ್ವಿಸ್ ಕೂಡ ಸಿಗಬಹುದು. ಕೇರಳದ ಸುನಂದಿನಿ ಹಸು ಗೊತ್ತಲ್ಲ ಅವರಿಗೆ? 1963ರಲ್ಲಿ ಮೂನಾರ್ ಹತ್ತಿರದ ಮಾಟ್ಟುಪ್ಪೆಟ್ಟಿಯಲ್ಲಿ ಇಂಡೋ-ಸ್ವಿಸ್ ಯೋಜನೆ ಶುರುವಾಗಿ, ಈ ಬ್ರೌನ್ ಸ್ವಿಸ್ ಹೋರಿಗಳನ್ನು ಊರಿನ ಹಸುಗಳ ಜೊತೆ ಸೇರಿಸಿ ಬೆಳೆಸಿದ ತಳಿ ಅದು. ಸುನಂದಿನಿಯ ನೆಂಟರನ್ನು ಇಲ್ಲಿ ನೋಡಬಹುದು ಅಂತ ಹೇಳಿ.

ಊಟ. ಫ್ಲಾಟ್‌ನಲ್ಲಿ ಅಡಿಗೆ ಮಾಡಿಕೊಂಡರೆ ಏನೂ ಚಿಂತೆ ಇಲ್ಲ. ಕುಚ್ಚಲಕ್ಕಿ, ಬೇಳೆ, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ತನ್ನಿ. ಹಾಲಿನ ಯಾವ ಪದಾರ್ಥವೂ ತರುವಂತಿಲ್ಲ, ಯುರೋಪಿನ ಹೊರಗಿಂದ ಬರುವವರಿಗೆ ಅದು ನಿಷೇಧ. ಅಂದರೆ ತುಪ್ಪ, ಪೇಡ, ಹಾಲಿನ ಸಿಹಿ ಬೇಡ. ಹಸಿ ತರಕಾರಿ, ಸೊಪ್ಪು, ಹಣ್ಣು, ಹೂವು ಕೂಡ ಇಲ್ಲ. ಕರಿಬೇವು ಬೇಕಿದ್ದರೆ ಮನೆಯಲ್ಲೇ ಒಗ್ಗರಣೆ ಮಾಡಿ ಪುಡಿ ಜೊತೆ ಸೇರಿಸಿ ತನ್ನಿ. ವೀಳ್ಯದೆಲೆಯೂ ಹಸಿ ಎಲೆಯೇ, ತರಬಾರದು. ಈ ವಾರದ ಮಟ್ಟಿಗೆ ಮಾವ ಎಲೆ ಬಿಡಬೇಕಾಗುತ್ತದೆ. ಉಗುಳುವ ಅಭ್ಯಾಸಕ್ಕೆ ಇಲ್ಲಿ ಜಾಗವೂ ಇಲ್ಲ, ಬರುವ ಮೊದಲೇ ಕಡಿಮೆ ಮಾಡಿಸಿ. ತೆಂಗಿನಕಾಯಿ, ಬಾಳೆಹಣ್ಣು ತರಹದ ಕೆಲವಕ್ಕೆ ಆ ನಿಯಮದಲ್ಲಿ ವಿನಾಯಿತಿ ಇದೆ. ಒಂದು ಸುಲಿದ ಕಾಯಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ತಂಬುಳಿಗೆ ಆಗುತ್ತದೆ.

ತುಪ್ಪದ ಯೋಚನೆ ಬೇಡ. ಇಲ್ಲಿಯ ಬೆಣ್ಣೆ ತಂದು ಒಲೆಯ ಮೇಲೆ ಕಾಸಿ. ಆ ಪರಿಮಳಕ್ಕೆ ಮಾವನೇ ಅಡಿಗೆಮನೆಗೆ ಬರುತ್ತಾರೆ. ಮೊಸರು ಎಲ್ಲಾ ಅಂಗಡಿಯಲ್ಲೂ ಇದೆ, ಮಜ್ಜಿಗೆ ಮಾಡಿಕೊಳ್ಳಿ. ಚೀಸ್ ವಿಷಯದಲ್ಲಿ ಜಾಗ್ರತೆ: ಗ್ರ್ಯುಯೇರ್, ಎಮ್ಮೆಂಟಾಲರ್ ತರಹದ ಹಳೇ ಚೀಸುಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಆಗುವುದಿಲ್ಲ. ಹೋಟೆಲಿನಲ್ಲಿ ರ್ಯೋಸ್ಟಿ ಅಂತ ಆಲೂಗೆಡ್ಡೆಯದ್ದು ಸಿಗುತ್ತದೆ, ಮಾಂಸದ ಚೂರು ಹಾಕಿದ್ದೀರಾ ಅಂತ ಕೇಳಿಯೇ ತೆಗೆದುಕೊಳ್ಳಿ. ಚಿಕ್ಕ ಕುಕ್ಕರ್ ಒಂದು ಇರಲಿ, ತಳ ಚಪ್ಪಟೆ ಇರುವುದು. ವೆಂಗೆನ್ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಕುಚ್ಚಲಕ್ಕಿಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಲು ಹೋದರೆ ಕರೆಂಟು, ಹೊತ್ತು ಎರಡೂ ಹೋಗುತ್ತದೆ. ಶನಿವಾರ ಬಂದಿಳಿದ ಕೂಡಲೇ ಸಾಮಾನು ತಂದುಬಿಡಿ, ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ನೀರು ಕೊಳ್ಳಬೇಡಿ. ನಲ್ಲಿಯದ್ದೇ ಕುಡಿಯಿರಿ, ಬೀದಿಯ ಕಾರಂಜಿಯದ್ದೂ ಕುಡಿಯಬಹುದು, 'ಕೈನ್ ಟ್ರಿಂಕ್‌ವಾಸರ್' ಅಂತ ಬರೆದಿದ್ದರೆ ಮಾತ್ರ ಬೇಡ.

ಪಾಸ್. ದೇಶವಿಡೀ ಸುತ್ತುವವರಿಗೆ ಸ್ವಿಸ್ ಟ್ರಾವೆಲ್ ಪಾಸ್ ಒಳ್ಳೆಯದು, ನಿಮಗಲ್ಲ. ಅದು ಬೆಟ್ಟದ ಬುಡದ ಊರುಗಳವರೆಗೆ ಪೂರ್ತಿ ಹೋಗುತ್ತದೆ, ಆದರೆ ಯುಂಗ್‌ಫ್ರೌಯೋಖ್‌ಗೆ ಬರೀ ಕಾಲು ಭಾಗ ಕಡಿತ. ಒಂದೇ ಕಡೆ ಉಳಿಯುವವರು ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ತೆಗೆದುಕೊಂಡರೆ ರೈಲು, ಬಸ್, ದೋಣಿ, ಹೆಚ್ಚಿನ ಬೆಟ್ಟದ ಗಾಡಿಗಳು ಎಲ್ಲವೂ ಅರ್ಧ ದರ. ಯುಂಗ್‌ಫ್ರೌಯೋಖ್‌ನ ಟಿಕೆಟ್ ಬೇಸಿಗೆಯಲ್ಲಿ ಪೂರ್ತಿ ದರಕ್ಕೆ 200 ಫ್ರಾಂಕ್‌ಗೂ ಮೇಲಿದೆ, ಅಲ್ಲೇ ಗೊತ್ತಾಗುತ್ತದೆ ಉಳಿತಾಯ. ದಿನಾ ಎರಡೆರಡು ಕಡೆ ಹತ್ತಿ ಇಳಿಯುವವರಾದರೆ ಯುಂಗ್‌ಫ್ರೌ ಟ್ರಾವೆಲ್ ಪಾಸ್ ನೋಡಬಹುದು. ಮಾವನನ್ನು ಕಟ್ಟಿಕೊಂಡು ಅಷ್ಟು ಓಡುವುದು ನನಗೆ ಸರಿ ಕಾಣುವುದಿಲ್ಲ. ಮಗಳಿಗೆ ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಳ್ಳಿ, ಅಪ್ಪನೋ ಅಮ್ಮನೋ ಜೊತೆಗಿದ್ದರೆ 16 ತುಂಬುವವರೆಗೆ ಮಕ್ಕಳಿಗೆ ಟಿಕೆಟ್ ಇಲ್ಲ. ಅಜ್ಜನ ಜೊತೆ ಮಾತ್ರ ಕಳಿಸಿದರೆ ಅದು ನಡೆಯುವುದಿಲ್ಲ.

ಮೇಲೆ ಹೋಗುವ ದಿನವನ್ನು ಮೊದಲೇ ಗಂಟು ಹಾಕಿಕೊಳ್ಳಬೇಡಿ, ಹೊಸೂರಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಮೀಟಿಯೋಸ್ವಿಸ್ ಆಪ್‌ನಲ್ಲಿ ಹವೆ ನೋಡಿ. ಬೆಳಗ್ಗೆ ಎದ್ದು ಶಿಖರದ ಕ್ಯಾಮೆರಾ ನೋಡಿ, ನೇರ ಚಿತ್ರ ಬರುತ್ತಿರುತ್ತದೆ. ಕೆಳಗೆ ಮೋಡ ಕವಿದಿದ್ದರೂ ಎಷ್ಟೋ ದಿನ ಮೇಲೆ ಬಿಸಿಲಿರುತ್ತದೆ. ನಡೆಯುವ ದಾರಿಗೆ ಅಡ್ಡ ಕಟ್ಟಿ ಮುಚ್ಚಿದ್ದಾರೆ ಅಂದರೆ ದಾಟಬೇಡಿ. 2025ರ ಮೇ 28ರಂದು ಪಕ್ಕದ ಲ್ಯೋಚೆನ್‌ಟಾಲ್ ಕಣಿವೆಯಲ್ಲಿ ಹಿಮನದಿ ಕುಸಿದು ಬ್ಲಾಟೆನ್ ಊರಿನ ಹೆಚ್ಚಿನ ಭಾಗ ಮುಚ್ಚಿಹೋಯಿತು. ಮೊದಲೇ ಎಚ್ಚರಿಸಿ ಜನರನ್ನು ಖಾಲಿ ಮಾಡಿಸಿದ್ದರಿಂದ ಸುಮಾರು 300 ಜೀವ ಉಳಿಯಿತು. ಇಲ್ಲಿಯವರು ಅಡ್ಡ ಕಟ್ಟಿದ್ದಾರೆ ಅಂದರೆ ಕಾರಣ ಇರುತ್ತದೆ.

ಇಂಟರ್‌ಲಾಕೆನ್ ಬಗ್ಗೆ. ಮಂಜೇಶ್ವರದ ಅಣ್ಣನ ಮಾತಿನಲ್ಲಿ ತಪ್ಪಿಲ್ಲ, ಸಮತಟ್ಟು ನೆಲ ಅನ್ನುವುದು ಮಾವನಿಗೆ ದೊಡ್ಡ ಅನುಕೂಲವೇ. ಆದರೂ ನಾನು ವೆಂಗೆನ್ ಅನ್ನುತ್ತೇನೆ. ಮೊಣಗಂಟು ನೋಯುವ ದಿನ ಮಾವ ಎಲ್ಲೂ ಹೋಗದೆ ಬಾಲ್ಕನಿಯಲ್ಲಿ ಕೂತರೂ ಯುಂಗ್‌ಫ್ರೌ ಎದುರಿಗಿರುತ್ತದೆ, ಹಸುವಿನ ಗಂಟೆ ಕೇಳುತ್ತಿರುತ್ತದೆ. ಇಂಟರ್‌ಲಾಕೆನ್ ಫ್ಲಾಟಿನಲ್ಲಿ ಕೂತರೆ ಬೀದಿ ಕಾಣುತ್ತದೆ. ಮೂರೋ ನಾಲ್ಕೋ ಫ್ಲಾಟ್ ನೋಡಿ, ಬುಕ್ ಮಾಡುವ ಮೊದಲು ಲಿಂಕ್ ಇಲ್ಲಿ ಹಾಕಿ. ವೆಂಗೆನ್‌ನ ಬೀದಿಗಳು ನನಗೆ ಗೊತ್ತು, ನಿಲ್ದಾಣದಿಂದ ಏರು ಎಷ್ಟಿದೆ, ಲಿಫ್ಟ್ ಇದೆಯಾ ಅಂತ ನೋಡಿ ಹೇಳುತ್ತೇನೆ.